ಶಾಲೆಯ ಪೋಷಕರ ಗುಂಪಿನಲ್ಲಿ ದುಡಿದು ಸುಸ್ತಾಗಿದ್ದೀರಾ? ಬಿಟ್ಟುಬಿಡುವ ಮುಂಚೆ ಹೀಗೆ ಮಾಡಿ ನೋಡಿ

ಸ್ಪೋರ್ಟ್ಸ್ ಡೇ ಮುಗಿದು ಮುಕ್ಕಾಲು ಗಂಟೆ ಆಗಿತ್ತು. ಮೈದಾನದ ತುಂಬ ಸುಮಾರು ಇನ್ನೂರು ಪ್ಲಾಸ್ಟಿಕ್ ಕುರ್ಚಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವನ್ನು ಒಂದರ ಮೇಲೊಂದು ಪೇರಿಸಿ ಒಳಗಿಡಲು ಉಳಿದವರು ಮೂರೇ ಜನ. ನಾನು, ಎರಡನೇ ಕ್ಲಾಸಿನ ಒಬ್ಬ ಹುಡುಗನ ಅಪ್ಪ, ಆಮೇಲೆ ಶಾಲೆಯ ವಾಚ್‌ಮನ್. "ಕೊನೆಗೆ ಕುರ್ಚಿ ಎತ್ತಿಡಲು ಯಾರಾದರೂ ಇರಿ ಪ್ಲೀಸ್" ಅಂತ ಹಿಂದಿನ ವಾರವೇ ಗ್ರೂಪಿನಲ್ಲಿ ಹಾಕಿದ್ದೆ. ಅದಕ್ಕೆ 27 ಹೆಬ್ಬೆರಳು ಬಂದಿದ್ದವು.

ಮನೆಗೆ ಬಂದು ಉದ್ದದ ಮೆಸೇಜ್ ಟೈಪ್ ಮಾಡಿದೆ. "ಸೆಲ್ಫಿಗೆ ಎಲ್ಲರಿಗೂ ಟೈಮ್ ಇದೆ, ಕುರ್ಚಿ ಎತ್ತಲು ಮಾತ್ರ ಯಾರಿಗೂ ಇಲ್ಲ" ಅನ್ನುವಲ್ಲಿಂದ ಶುರುವಾಗಿ "ಇನ್ನು ಮೇಲೆ ನನ್ನನ್ನು ಯಾವುದಕ್ಕೂ ಕರೆಯಬೇಡಿ" ಅನ್ನುವವರೆಗೆ. ಕಳಿಸುವ ಮುಂಚೆ ಮನೆಯವರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕುರ್ಚಿ ಎತ್ತಬೇಕಾದವರು ಅಂತ ಯಾರ ಹೆಸರು ಬರೆದಿದ್ದೆ?" ಅಂದರು.

ಯಾರ ಹೆಸರೂ ಬರೆದಿರಲಿಲ್ಲ.

ಆ ಮೆಸೇಜ್ ಕಳಿಸಲಿಲ್ಲ. ಅದಾದ ಮೇಲೆ ಐದು ವರ್ಷ ಅದೇ ಗುಂಪಿನಲ್ಲಿ ಇದ್ದೆ. ಸಿಟ್ಟೇ ಬರಲಿಲ್ಲ ಅಂತ ಸುಳ್ಳು ಹೇಳಲ್ಲ, ಬಂತು, ಸಾಕಷ್ಟು ಬಂತು. ಆದರೆ ಒಂದು ವಿಷಯ ತಲೆಗೆ ಹೋಯಿತು. ನಮಗೆ ಬೇಜಾರು ತರಿಸುವ ಜನರಲ್ಲಿ ಹೆಚ್ಚಿನವರು ಕೆಟ್ಟವರೂ ಅಲ್ಲ, ಸೋಮಾರಿಗಳೂ ಅಲ್ಲ. ಕೆಲಸ ಯಾರದ್ದು, ಎಷ್ಟು ಹೊತ್ತಿನದ್ದು, ಯಾವಾಗ ಮುಗಿಯುತ್ತದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಜನರನ್ನು ತಿದ್ದಲು ಹೋಗಿ ನಾನು ಒಮ್ಮೆಯೂ ಗೆದ್ದಿಲ್ಲ. ಕೆಲಸ ಹಂಚುವ ರೀತಿ ತಿದ್ದಿದಾಗ ಮಾತ್ರ ಬಹಳ ಸಲ ಗೆದ್ದಿದ್ದೇನೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಸಿಟ್ಟು ಯಾವುದರ ಮೇಲೆ ಅಂತ ಬರೆದುಕೊಳ್ಳಿ

"ಆ ಗುಂಪೇ ಸರಿ ಇಲ್ಲ" ಅಂತ ಹೇಳುವುದು ಸುಲಭ. ಹಾಗೆ ಹೇಳಿದರೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಎರಡು ಮೂರು ತಿಂಗಳಲ್ಲಿ ನಿಮಗೆ ನಿಜವಾಗಿ ಹೊಟ್ಟೆ ಉರಿದ ಮೂರು ಸಂದರ್ಭ ಬರೆಯಿರಿ. ಬರೆಯುವಾಗ ಬೈಗುಳ ಬೇಡ, ನಡೆದದ್ದು ಮಾತ್ರ. "ಅವರಿಗೆ ಜವಾಬ್ದಾರಿಯೇ ಇಲ್ಲ" ಅನ್ನುವುದು ನಡೆದದ್ದಲ್ಲ. "ಬ್ಯಾನರ್ ತರುತ್ತೇನೆ ಅಂದರು, ಬೆಳಿಗ್ಗೆ ಎಂಟಕ್ಕೆ ಫೋನ್ ತೆಗೆಯಲಿಲ್ಲ" ಅನ್ನುವುದು ನಡೆದದ್ದು.

ಬರೆದಾದ ಮೇಲೆ ನೋಡಿ. ಸಾಮಾನ್ಯವಾಗಿ ಅವು ನಾಲ್ಕರಲ್ಲಿ ಒಂದು ಗುಂಪಿಗೆ ಸೇರುತ್ತವೆ. ಕೆಲಸಕ್ಕೆ ಯಾರೂ ಬರಲಿಲ್ಲ. ನನ್ನ ಮಾತಿಗೆ ಬೆಲೆ ಕೊಡಲಿಲ್ಲ. ಶಾಲೆಯವರು ಬೇಡ ಅಂದರು. ಇಷ್ಟೆಲ್ಲ ಮಾಡಿದರೂ ಯಾರೂ ಒಂದು ಮಾತು ಹೇಳಲಿಲ್ಲ. ಇವು ನಾಲ್ಕೂ ಬೇರೆ ಬೇರೆ ನೋವು, ಮದ್ದೂ ಬೇರೆ ಬೇರೆ. ಯಾರೂ ಬರದಿದ್ದರೆ ಮೂರನೇ ಹಂತ ನೋಡಿ. ಮಾತಿಗೆ ಬೆಲೆ ಸಿಗದಿದ್ದರೆ ನಾಲ್ಕು ಮತ್ತು ಆರು. ಶಾಲೆಯ ಜೊತೆ ತಿಕ್ಕಾಟ ಇದ್ದರೆ ಏಳು.

ನಾಲ್ಕನೆಯದ್ದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಹೊಗಳಿಕೆಗೆ ಕಾಯುತ್ತಾ ಕೂತರೆ ವರ್ಷ ಕಳೆಯುತ್ತದೆ. ನೀವೇ ಶುರು ಮಾಡಿ. ಕೆಲಸ ಮಾಡಿದ ಇನ್ನೊಬ್ಬರಿಗೆ, ಅವರು ಏನು ಮಾಡಿದರು ಅನ್ನುವುದನ್ನು ಹೆಸರಿಟ್ಟು ಎಲ್ಲರ ಮುಂದೆ ಹೇಳಿ. "ಎಲ್ಲರಿಗೂ ಧನ್ಯವಾದ" ಅಂದರೆ ಯಾರಿಗೂ ಹೇಳಿದಂತಾಗುವುದಿಲ್ಲ. "ಮಳೆ ಬಂದಾಗ ಮೈಕ್ ಸೆಟ್ಟಿಗೆ ತಮ್ಮದೇ ರೇನ್‌ಕೋಟ್ ಹೊದಿಸಿದ ಮೂರನೇ ಕ್ಲಾಸಿನ ಅಪ್ಪನಿಗೆ ಥ್ಯಾಂಕ್ಸ್" ಅಂದರೆ ಆ ಮನುಷ್ಯ ಮುಂದಿನ ಸಲ ಖಂಡಿತ ಬರುತ್ತಾರೆ. ನಾಲ್ಕು ಸಲ ಹೀಗೆ ಮಾಡಿದರೆ ಬೇರೆಯವರೂ ಕಲಿಯುತ್ತಾರೆ, ನಿಮ್ಮ ಸರದಿಯೂ ಬರುತ್ತದೆ.

ಹಂತ 2: ನಿಮ್ಮ ಗಂಟೆಗಳನ್ನು ಎಣಿಸಿ, ಅದನ್ನು ಬಾಯಿಬಿಟ್ಟು ಹೇಳಿ

ನಮ್ಮಲ್ಲಿ ಹೆಚ್ಚಿನವರು ಸುಸ್ತಾಗುವುದು ಕೆಲಸ ಜಾಸ್ತಿ ಆಗಿ ಅಂತ ನನಗೆ ಅನಿಸುವುದಿಲ್ಲ. ಅದಕ್ಕೆ ಕೊನೆ ಅನ್ನುವುದೇ ಇರುವುದಿಲ್ಲ, ಅದಕ್ಕೆ ಸುಸ್ತು. "ಸ್ವಲ್ಪ ಸಹಾಯ ಮಾಡ್ತೀರಾ ಮೇಡಂ?" ಅಂತ ಶುರುವಾಗಿದ್ದು ಮೂರು ತಿಂಗಳಾದರೂ ಬಿಡುವುದಿಲ್ಲ.

ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ? ಎರಡಾ? ಹಾಗಾದರೆ ಒಂದು ಗಂಟೆಯ ಕೆಲಸ ಮಾತ್ರ ಒಪ್ಪಿಕೊಳ್ಳಿ. ತಮಾಷೆ ಮಾಡುತ್ತಿಲ್ಲ. ಯಾವ ಕೆಲಸಕ್ಕೂ ನಾವು ಅಂದಾಜು ಮಾಡುವ ಸಮಯ ಕಡಿಮೆಯೇ ಇರುತ್ತದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ 34 ದಿನ ಅಂದರು, ಮುಗಿಸಿದ್ದು ಸುಮಾರು 55 ದಿನಕ್ಕೆ. ಅದೂ ಒಬ್ಬೊಬ್ಬರೇ ಕೂತು ಮಾಡುವ ಕೆಲಸ. ಇನ್ನು ಹತ್ತು ಜನರ ಒಪ್ಪಿಗೆ, ಪ್ರಿನ್ಸಿಪಾಲರ ಸಹಿ, ಅಂಗಡಿಯವನ "ನಾಳೆ ಬನ್ನಿ" ಎಲ್ಲ ಸೇರಿದರೆ ಕೇಳಬೇಕಾ?

ಕೆಲಸ ಆರಿಸುವಾಗ ಕೊನೆ ಇರುವಂಥದ್ದನ್ನು ಆರಿಸಿ. "ಲೈಬ್ರರಿ ನೋಡಿಕೊಳ್ಳುತ್ತೇನೆ" ಅನ್ನಬೇಡಿ. "ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತೇನೆ, ಈ ಪರೀಕ್ಷೆ ಶುರುವಾಗುವುದರೊಳಗೆ" ಅನ್ನಿ. ಮೊದಲನೆಯದ್ದು ಮದುವೆ ಆದ ಹಾಗೆ, ಎರಡನೆಯದ್ದು ಮದುವೆಗೆ ಹೋಗಿ ಬಂದ ಹಾಗೆ.

ಇನ್ನು "ಆಗಲ್ಲ" ಅನ್ನುವುದು. ಅದಕ್ಕೆ ಕಾರಣ ಕೊಡಬೇಡಿ. ಕಾರಣ ಕೊಟ್ಟ ಕೂಡಲೇ ಎದುರಿನವರು ಆ ಕಾರಣಕ್ಕೆ ಪರಿಹಾರ ಹುಡುಕಲು ಕೂರುತ್ತಾರೆ. "ಶನಿವಾರ ಅತ್ತೆ ಬರುತ್ತಾರೆ" ಅಂದರೆ "ಹಾಗಾದರೆ ಭಾನುವಾರ ಮಾಡೋಣ ಬಿಡಿ" ಅನ್ನುತ್ತಾರೆ. "ಈ ಸಲ ನನ್ನಿಂದ ಆಗುವುದಿಲ್ಲ, ಬೋರ್ಡ್ ಬರೆಯುವ ಕೆಲಸ ಬೇಕಾದರೆ ಮಾಡುತ್ತೇನೆ" ಅನ್ನಿ. ಅಷ್ಟು ಸಾಕು. ಮೊದಲ ಎರಡು ಸಲ ಕಷ್ಟ ಆಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಹಂತ 3: "ಯಾರಾದರೂ" ಅನ್ನುವ ಪದವನ್ನು ಬಿಟ್ಟುಬಿಡಿ

ನನ್ನನ್ನು ಕೇಳಿದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿದರೂ ಅರ್ಧ ತಲೆನೋವು ಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನನ್ನ 27 ಹೆಬ್ಬೆರಳಿನ ಕಥೆ ಹೊಸದೇನೂ ಅಲ್ಲ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ, ಎಷ್ಟು ಬಲ ಬಿತ್ತು ಅಂತ ಅಳೆದರು. 1913ರಲ್ಲಿ ಆ ಲೆಕ್ಕ ಪ್ರಕಟವಾಯಿತು. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬರೇ ಎಳೆಯುವಾಗ ಹಾಕುವ ಬಲದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಗಳಿಗೆಗೆ ಎಳೆಯುವುದಿಲ್ಲ, ಅದು ಒಂದು ಕಾರಣ. ಇನ್ನೊಂದು, ಉಳಿದವರಿದ್ದಾರಲ್ಲ ಅಂತ ಕೈ ತಾನಾಗಿ ಸಡಿಲ ಆಗುತ್ತದೆ. 1974ರಲ್ಲಿ ಬೇರೆ ಸಂಶೋಧಕರು ಇದನ್ನೇ ಇನ್ನೊಂದು ರೀತಿ ಪರೀಕ್ಷಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಜನ ಎಳೆಯುತ್ತಿದ್ದಾರೆ ಅಂತ ನಂಬಿಸಿ, ನಿಜವಾಗಿ ಒಬ್ಬರಿಂದಲೇ ಎಳೆಸಿದರು. ಆಗಲೂ ಬಲ ಇಳಿಯಿತು!

ಇನ್ನೊಂದು ಪ್ರಯೋಗ 1968ರದ್ದು, ಡಾರ್ಲಿ ಮತ್ತು ಲಾಟಾನೆ ಮಾಡಿದ್ದು. ಬೇರೆ ಕೋಣೆಯಲ್ಲಿರುವ ಒಬ್ಬರಿಗೆ ಫಿಟ್ಸ್ ಬಂದಂತೆ ಇಂಟರ್‌ಕಾಮ್‌ನಲ್ಲಿ ಸದ್ದು ಕೇಳಿಸಿದರು. ಕೇಳುತ್ತಿರುವುದು ನಾನೊಬ್ಬನೇ ಅಂದುಕೊಂಡವರಲ್ಲಿ 85 ಶೇಕಡಾ ಜನ ಆ ಸದ್ದು ನಿಲ್ಲುವ ಮುಂಚೆಯೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು 31 ಶೇಕಡಾ. ಒಬ್ಬರ ಪ್ರಾಣಕ್ಕೇ ಕುತ್ತು ಬಂದಿದೆ ಅಂದಾಗ ಹೀಗಾದರೆ, ಕುರ್ಚಿ ಎತ್ತುವುದಕ್ಕೆ ಯಾರು ಏಳುತ್ತಾರೆ ಹೇಳಿ?

ಹಾಗಾಗಿ ಗುಂಪನ್ನು ಕೇಳಬೇಡಿ. ಒಬ್ಬ ಮನುಷ್ಯರನ್ನು ಕೇಳಿ. ಕೇಳುವಾಗ ನಾಲ್ಕು ವಿಷಯ ಇರಲಿ: ಕೆಲಸ ಯಾವುದು, ಎಷ್ಟು ಹೊತ್ತಿನದ್ದು, ಎಲ್ಲಿ ಮತ್ತು ಯಾವಾಗ, ನಿಮ್ಮನ್ನೇ ಯಾಕೆ ಕೇಳುತ್ತಿದ್ದೇನೆ. ನಾನು ಮುಂದಿನ ವರ್ಷ ಕಳಿಸಿದ್ದು ಹೀಗಿತ್ತು:

"ಸರ್ ನಮಸ್ಕಾರ. ಸ್ಪೋರ್ಟ್ಸ್ ಡೇ ದಿನ ಕೊನೆಯ ಓಟ ಆದ ಮೇಲೆ ಎಡಗಡೆಯ ಐದು ಸಾಲು ಕುರ್ಚಿ ಪೇರಿಸಬೇಕು. ಇಪ್ಪತ್ತು ನಿಮಿಷದ ಕೆಲಸ. ಹೇಗೂ ನಿಮ್ಮ ಮಗನ ರಿಲೇ ಕೊನೆಗೇ ಇದೆ, ನೀವು ಅಲ್ಲೇ ಇರುತ್ತೀರಿ ಅಂತ ಕೇಳುತ್ತಿದ್ದೇನೆ. ಆಗುತ್ತದಾ? ಆಗದಿದ್ದರೂ ಪರವಾಗಿಲ್ಲ, ನಾಳೆ ಸಂಜೆಯೊಳಗೆ ಹೇಳಿದರೆ ಬೇರೆಯವರನ್ನು ಕೇಳುತ್ತೇನೆ."

ಹೀಗೆ ಹನ್ನೊಂದು ಜನರಿಗೆ ಬೇರೆ ಬೇರೆಯಾಗಿ ಕಳಿಸಿದೆ. ಎಂಟು ಜನ ಆಯ್ತು ಅಂದರು. ಒಬ್ಬರು ಆಗಲ್ಲ ಅಂದರು, ಇಬ್ಬರು ಉತ್ತರ ಕೊಡಲಿಲ್ಲ. ಆ ದಿನ ಎಂಟರಲ್ಲಿ ಏಳು ಜನ ಬಂದರು. ಕುರ್ಚಿ ಒಳಗೆ ಹೋಗುವುದಕ್ಕೆ ಅರ್ಧ ಗಂಟೆಯೂ ಆಗಲಿಲ್ಲ. ವಾಚ್‌ಮನ್ ಆಶ್ಚರ್ಯದಿಂದ ನೋಡುತ್ತಿದ್ದರು.

ಇದರಲ್ಲಿ "ಆಗದಿದ್ದರೂ ಪರವಾಗಿಲ್ಲ" ಅನ್ನುವ ಸಾಲು ಮುಖ್ಯ. ಇಲ್ಲ ಅನ್ನಲು ದಾರಿ ಕೊಡದಿದ್ದರೆ ಜನ ಹೂಂ ಅಂದು ಕೈ ಕೊಡುತ್ತಾರೆ. ಮುಲಾಜಿಗೆ ಬಂದ ಹೂಂಗಿಂತ ಮುಖಕ್ಕೇ ಹೇಳಿದ ಇಲ್ಲ ನೂರು ಪಾಲು ಮೇಲು, ಅದರ ಮೇಲೆ ಮುಂದಿನ ಪ್ಲಾನ್ ಮಾಡಬಹುದು.

ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರನ್ನು ಮರೆಯಬೇಡಿ. ಶಾಲೆಗೆ ಹಗಲು ಬರಲು ಆಗದವರಿಗೆ ಆಸಕ್ತಿ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ನಾನೂ ಮಾಡಿದ್ದೆ. ಆಮೇಲೆ ಗೊತ್ತಾಯಿತು, ರಾತ್ರಿ ಪಾಳಿಯ ಒಬ್ಬ ತಾಯಿ ಮನೆಯಲ್ಲೇ ಕೂತು ನೂರೈವತ್ತು ಹೆಸರಿನ ಚೀಟಿ ಬರೆದುಕೊಟ್ಟರು, ಅದೂ ಮುತ್ತು ಪೋಣಿಸಿದ ಹಾಗೆ. ಮನೆಯಿಂದ ಮಾಡಬಹುದಾದ ಹದಿನೈದು ನಿಮಿಷದ ಕೆಲಸಗಳ ಪಟ್ಟಿ ಯಾವಾಗಲೂ ಇಟ್ಟುಕೊಂಡಿರಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುವ ಮಾತು ಸುಮ್ನೆ ಬಂದಿಲ್ಲ.

ಹಂತ 4: ಮೀಟಿಂಗಿಗೆ ಮುಗಿಯುವ ಸಮಯ ಇರಲಿ

1957ರಲ್ಲಿ ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕರು ಒಂದು ಕಲ್ಪನೆಯ ಕಮಿಟಿಯ ಬಗ್ಗೆ ಬರೆದಿದ್ದರು. ಆ ಕಮಿಟಿ ಅಣುಸ್ಥಾವರ ಕಟ್ಟುವ ವಿಷಯವನ್ನು ಎರಡೂವರೆ ನಿಮಿಷದಲ್ಲಿ ಒಪ್ಪಿ ಮುಗಿಸುತ್ತದೆ, ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ ಚರ್ಚೆ ಮಾಡುತ್ತದೆ. ಅಣುಸ್ಥಾವರ ಯಾರಿಗೂ ಅರ್ಥವಾಗಲ್ಲ, ಶೆಡ್ ಎಲ್ಲರಿಗೂ ಗೊತ್ತು. ನಮ್ಮ ಮೀಟಿಂಗಿನಲ್ಲಿ ವರ್ಷದ ಖರ್ಚಿನ ಪಟ್ಟಿ ಹೀಗೇ ಐದು ನಿಮಿಷದಲ್ಲಿ ಪಾಸಾಯಿತು. ಬ್ಯಾನರ್ ನೀಲಿಯೋ ಹಸಿರೋ ಅಂತ ಐವತ್ತು ನಿಮಿಷ ಹೋಯಿತು. ಕೊನೆಗೆ ಬಂದ ಬ್ಯಾನರ್ ಕೇಸರಿ, ಅದು ಬೇರೆ ಕಥೆ.

ಇದಕ್ಕೆ ಉಪಾಯ ಏನಂದರೆ, ಮೀಟಿಂಗಿಗೆ ಎರಡು ದಿನ ಮುಂಚೆ ವಿಷಯಗಳನ್ನು ಬರೆದು ಕಳಿಸಿ. ಮೂರಕ್ಕಿಂತ ಜಾಸ್ತಿ ಬೇಡ. ಪ್ರತಿ ವಿಷಯದ ಮುಂದೆ ನಿಮಿಷ ಬರೆಯಿರಿ. ಮುಗಿಯುವ ಗಂಟೆಯನ್ನು ಶುರುವಾಗುವ ಗಂಟೆಯ ಜೊತೆಗೇ ಹೇಳಿ. ಬಣ್ಣ, ಫಾಂಟು, ಹಾಡಿನ ಆಯ್ಕೆ ಇಂಥವನ್ನು ಮೀಟಿಂಗಿಗೆ ತರಲೇಬೇಡಿ, ಇಬ್ಬರ ಕೈಗೆ ಕೊಟ್ಟು "ನೀವು ಮಾಡಿದ್ದೇ ಫೈನಲ್" ಅಂದುಬಿಡಿ.

ಮಾತು ದಾರಿ ತಪ್ಪುವುದು ಎಲ್ಲರಿಗೂ ಆಗುತ್ತದೆ. ಹೆನ್ರಿ ರಾಬರ್ಟ್ ಅಂತ ಅಮೆರಿಕದ ಒಬ್ಬ ಸೇನಾ ಎಂಜಿನಿಯರ್ 1863ರಲ್ಲಿ ಒಂದು ಸಭೆ ನಡೆಸಲು ಹೋಗಿ ಅದು ಪೂರ್ತಿ ಗದ್ದಲವಾಗಿ, ನಾಚಿಕೆಯಾಗಿ, ಸಭೆ ನಡೆಸುವುದು ಹೇಗೆ ಅಂತ ಓದಲು ಕೂತರಂತೆ. 1876ರಲ್ಲಿ ಅವರು ಪ್ರಕಟಿಸಿದ ನಿಯಮಗಳನ್ನು ಇವತ್ತಿಗೂ ಎಷ್ಟೋ ಸಂಘಗಳು ಪಾಲಿಸುತ್ತವೆ. ನಮಗೆ ಅಷ್ಟೊಂದು ನಿಯಮ ಬೇಡ. ಒಂದು ಸಲಕ್ಕೆ ಒಂದೇ ವಿಷಯ, ಇನ್ನೂ ಮಾತಾಡದವರಿಗೆ ಮೊದಲು ಅವಕಾಶ, ಇವೆರಡು ಸಾಕು. ಯಾರಾದರೂ ಬೇರೆ ವಿಷಯ ಎತ್ತಿದರೆ "ಒಳ್ಳೆ ವಿಷಯ, ಬರೆದುಕೊಂಡಿದ್ದೇನೆ, ಮುಂದಿನ ಸಲ ತೆಗೆದುಕೊಳ್ಳೋಣ" ಅನ್ನಿ. ಹಾಗೆ ಅಂದ ಮೇಲೆ ನಿಜವಾಗಿಯೂ ಬರೆದುಕೊಳ್ಳಿ.

ಮೀಟಿಂಗ್ ಮುಗಿದ ರಾತ್ರಿಯೇ ಐದು ಸಾಲಿನಲ್ಲಿ ಏನು ತೀರ್ಮಾನ ಆಯಿತು, ಯಾರು ಏನು ಮಾಡುತ್ತಾರೆ, ಯಾವ ದಿನದೊಳಗೆ ಅಂತ ಹಾಕಿ. "ನಾನು ಹಾಗೆ ಹೇಳೇ ಇಲ್ಲ" ಅನ್ನುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಸಿಕ್ಕಿಲ್ಲ.

ಹಂತ 5: ವಾಟ್ಸಾಪ್ ಗ್ರೂಪಿಗೆ ಕಡಿವಾಣ

ಗ್ರೂಪು ಎರಡಿರಲಿ. ಒಂದು ಸೂಚನೆಗೆ ಮಾತ್ರ, ಅಡ್ಮಿನ್ ಬಿಟ್ಟು ಯಾರೂ ಬರೆಯುವ ಹಾಗಿಲ್ಲ. ಇನ್ನೊಂದು ಹರಟೆಗೆ, ಬೇಕಾದವರು ಇರಲಿ. ದೊಡ್ಡ ಕಾರ್ಯಕ್ರಮಕ್ಕೆ ಸಣ್ಣ ಗ್ರೂಪ್ ಮಾಡಿ, ಕಾರ್ಯಕ್ರಮ ಮುಗಿದ ವಾರದಲ್ಲಿ ಅದನ್ನು ಮುಚ್ಚಿಬಿಡಿ.

ಗ್ರೂಪಿನಲ್ಲಿ ಜಗಳ ಶುರುವಾದರೆ ಅಲ್ಲಿ ಉತ್ತರ ಕೊಡಬೇಡಿ. ಫೋನ್ ಮಾಡಿ. ಬರೆದದ್ದನ್ನು ಓದುವಾಗ ಸ್ವರ ಕೇಳಿಸುವುದಿಲ್ಲ, ಹಾಗಾಗಿ "ನೋಡೋಣ" ಅಂತ ಬರೆದದ್ದೂ ಧಿಮಾಕಿನ ಹಾಗೆ ಕಾಣುತ್ತದೆ. ರಾತ್ರಿ ಒಂಬತ್ತರ ಮೇಲೆ ಸಿಟ್ಟಿನ ಮೆಸೇಜ್ ಟೈಪ್ ಮಾಡಿದರೆ ಬೆಳಿಗ್ಗೆವರೆಗೆ ಕಳಿಸಬೇಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಇಲ್ಲಿ ಆ ಕೊಯ್ದ ಮೂಗಿನ ಸ್ಕ್ರೀನ್‌ಶಾಟ್ ಬೇರೆ ಊರೆಲ್ಲ ಸುತ್ತುತ್ತದೆ.

ಹಂತ 6: ಆ ನಾಲ್ಕು ಥರದ ಜನ

ಯಾವ ಗುಂಪಿಗೆ ಹೋದರೂ ಇವರು ಸಿಗುತ್ತಾರೆ.

"ಹೋದ ವರ್ಷ ಹೀಗೆ ಮಾಡಿರಲಿಲ್ಲ" ಅನ್ನುವವರು. ಇವರ ಮೇಲೆ ನನಗೆ ಮೊದಲು ಬಹಳ ಸಿಟ್ಟಿತ್ತು. ಹೊಸದು ಏನು ಹೇಳಿದರೂ ಅಡ್ಡಗಾಲು. ಒಂದು ದಿನ ಗೇಟಿನ ಹತ್ತಿರ ಮಕ್ಕಳಿಗೆ ಕಾಯುತ್ತಾ ನಿಂತಾಗ ಸುಮ್ನೆ ಕೇಳಿದೆ, "ಅಕ್ಕಾ, ಹೋದ ವರ್ಷ ಪುಸ್ತಕ ಮೇಳ ಹೇಗೆ ಮಾಡಿದ್ರಿ?" ಅಂತ. ಅರ್ಧ ಗಂಟೆ ಹೇಳಿದರು. ಪುಸ್ತಕದ ಮೇಜುಗಳನ್ನು ವರಾಂಡದಲ್ಲಿ ಹಾಕಿ ಗಾಳಿಮಳೆಗೆ ಅರ್ಧ ಪುಸ್ತಕ ನೆಂದಿದ್ದು, ಆ ನಷ್ಟವನ್ನು ಅವರೇ ಕೈಯಿಂದ ತುಂಬಿದ್ದು, ಅದನ್ನು ಯಾರಿಗೂ ಹೇಳದಿದ್ದದ್ದು. ನಾನು ಹೊಸದಾಗಿ ಹೇಳುತ್ತಿದ್ದದ್ದೂ ಅದೇ ವರಾಂಡ! ಆಮೇಲೆ ಅವರು ಮೀಟಿಂಗಿನಲ್ಲಿ ನನ್ನ ಪರ ಮಾತಾಡತೊಡಗಿದರು. ಹೊಸಬರು ಮಾಡುವ ಮೊದಲ ಕೆಲಸ ಹಳಬರನ್ನು ಕೇಳುವುದು ಅಂತ ಆಗ ಕಲಿತೆ.

ಎರಡನೆಯವರು, ಒಟ್ಟಿಗೇ ಇರುವ ಹಳೇ ಗುಂಪು. ನಾಲ್ಕೈದು ಜನ, ಎಲ್ಲ ಅವರೇ ತೀರ್ಮಾನ ಮಾಡಿ ಮೀಟಿಂಗಿಗೆ ಬರುತ್ತಾರೆ. ಹೊರಗಿನಿಂದ ನೋಡಿದರೆ ದರ್ಬಾರು. ಒಳಗೆ ಹೋಗಿ ನೋಡಿದರೆ ಬಹಳ ಸಲ ಅವರೂ ಸುಸ್ತಾಗಿರುತ್ತಾರೆ, ಯಾರೂ ಬರಲ್ಲ ಅಂತ ಅವರೇ ಮಾಡಿಕೊಂಡು ಹೋಗುತ್ತಿರುತ್ತಾರೆ. ಇವರ ಜೊತೆ ತತ್ವದ ಮೇಲೆ ವಾದಕ್ಕೆ ಇಳಿಯಬೇಡಿ. ಅವರಲ್ಲಿ ಯಾರಿಗೂ ಇಷ್ಟವಿಲ್ಲದ ಒಂದು ಸಣ್ಣ ಕೆಲಸ ಕೇಳಿ ಪಡೆದುಕೊಳ್ಳಿ, ಚೆನ್ನಾಗಿ ಮುಗಿಸಿ, ಮುಗಿಯಿತು ಅಂತ ಹೇಳಿ. ಎರಡು ಸಲ ಹೀಗಾದ ಮೇಲೆ ಮೂರನೇ ಸಲ ನಿಮ್ಮನ್ನು ಕೇಳದೆ ತೀರ್ಮಾನ ಮಾಡುವುದು ಅವರಿಗೇ ಕಷ್ಟವಾಗುತ್ತದೆ.

ಮೂರನೆಯವರು ಏನೂ ಮಾಡದೆ ತಪ್ಪು ಹುಡುಕುವವರು. ಇವರಿಗೆ ಒಂದೇ ಪ್ರಶ್ನೆ: "ಹೌದು, ಇದು ಸರಿ ಆಗಬೇಕು. ಮುಂದಿನ ಸಲ ಇದನ್ನು ನೀವು ನೋಡಿಕೊಳ್ಳುತ್ತೀರಾ?" ವ್ಯಂಗ್ಯ ಇಲ್ಲದೆ ಕೇಳಬೇಕು. ಹತ್ತರಲ್ಲಿ ಎಂಟು ಜನ ಸುಮ್ಮನಾಗುತ್ತಾರೆ. ಉಳಿದ ಇಬ್ಬರು ನಿಜವಾಗಿ ನೋಡಿಕೊಳ್ಳುತ್ತಾರೆ, ಅವರೇ ಆಮೇಲೆ ಗುಂಪಿನ ಕೈಕಾಲು.

ಕೊನೆಯವರು ಒಪ್ಪಿಕೊಂಡು ಮಾಯವಾಗುವವರು. ನಮ್ಮನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ. ಎಲ್ಲರ ಮುಂದೆ ಕೇಳಬೇಡಿ, ಬೇರೆಯಾಗಿ ಮಾತಾಡಿ. "ಬ್ಯಾನರ್ ಬರಲಿಲ್ಲ, ಆ ದಿನ ಬೆಳಿಗ್ಗೆ ನಾನು ಓಡಾಡಬೇಕಾಯಿತು. ಏನಾಯಿತು?" ಅಂತ ನೇರವಾಗಿ. ಕೆಲವೊಮ್ಮೆ ಮನೆಯಲ್ಲಿ ಕಾಯಿಲೆ ಇರುತ್ತದೆ, ಕೆಲಸ ಹೋಗಿರುತ್ತದೆ, ಹೇಳಿಕೊಳ್ಳಲು ಆಗಿರುವುದಿಲ್ಲ. ಏನೂ ಕಾರಣ ಇಲ್ಲ ಅಂತಾದರೆ, ಮುಂದಿನ ಸಲ ಅವರಿಗೆ ಕೈ ತಪ್ಪಿದರೂ ನಷ್ಟವಿಲ್ಲದ ಕೆಲಸ ಕೊಡಿ, ಮುಖ್ಯವಾದ ಕೆಲಸಕ್ಕೆ ಮೂರು ದಿನ ಮುಂಚೆ ಒಂದು ನೆನಪಿನ ಫೋನ್ ಇಟ್ಟುಕೊಳ್ಳಿ.

ಹಂತ 7: ಶಾಲೆಯವರು "ಆಗಲ್ಲ" ಅಂದಾಗ

ಒಂದು ವಿಷಯ ಒಪ್ಪಿಕೊಳ್ಳಬೇಕು. ಶಾಲೆ ನಮ್ಮದಲ್ಲ, ಅದನ್ನು ನಡೆಸುವವರು ಬೇರೆ. ಯಾವ ಟೀಚರ್ ಯಾವ ಕ್ಲಾಸಿಗೆ, ಏನು ಪಾಠ, ಯಾರಿಗೆ ಶಿಸ್ತು, ಇವು ನಮ್ಮ ಗುಂಪಿನ ಕೆಲಸ ಅಲ್ಲ. ಈ ಗೆರೆ ದಾಟಿದ ಗುಂಪುಗಳ ಮೇಲೆ ಶಾಲೆಯವರಿಗೆ ನಂಬಿಕೆ ಹೋಗುತ್ತದೆ, ಆಮೇಲೆ ಗಿಡ ನೆಡುತ್ತೇವೆ ಅಂದರೂ ಅನುಮಾನ.

ಗೆರೆಯ ಒಳಗಿನ ಕೆಲಸಕ್ಕೂ ಬೇಡ ಅಂದರೆ, "ಯಾಕೆ ಬೇಡ?" ಅನ್ನಬೇಡಿ. "ಏನು ಬದಲಾಯಿಸಿದರೆ ಆಗುತ್ತದೆ ಮೇಡಂ?" ಅಂತ ಕೇಳಿ. ನಾವು ಒಮ್ಮೆ ಸಂಜೆ ಕಥೆ ಹೇಳುವ ಕಾರ್ಯಕ್ರಮ ಕೇಳಿದೆವು. ಬೇಡ ಅಂದರು. ಎರಡು ತಿಂಗಳು ಮುನಿಸಿಕೊಂಡೆವು. ಆಮೇಲೆ ಕೇಳಿದಾಗ ಗೊತ್ತಾದದ್ದು, ಸಂಜೆ ಬೀಗ ಹಾಕುವ ಆಯಾ ಕೊನೆಯ ಬಸ್ಸಿಗೆ ಹೋಗಬೇಕು, ಅಷ್ಟೇ. ಒಂದು ಗಂಟೆ ಹಿಂದಕ್ಕೆ ಹಾಕಿದೆವು, ಒಪ್ಪಿದರು.

ಶಾಲೆಯ ಜೊತೆ ಮಾತಾಡಲು ಒಬ್ಬರೇ ಇರಲಿ. ಒಂದೇ ವಿಷಯಕ್ಕೆ ಆರು ಪೋಷಕರು ಆರು ಸಲ ಆಫೀಸಿಗೆ ಹೋದರೆ ಯಾರಿಗಾದರೂ ರೇಗುತ್ತದೆ. ಪರೀಕ್ಷೆ, ಅಂಕಪಟ್ಟಿ, ಹೊಸ ದಾಖಲಾತಿ ನಡೆಯುವ ವಾರಗಳಲ್ಲಿ ಏನನ್ನೂ ಕೇಳಬೇಡಿ. ಟೀಚರಿಗೆ ಹೊಸ ಕೆಲಸ ಹಚ್ಚುವ ಯಾವ ಪ್ಲಾನೂ ಉಳಿಯುವುದಿಲ್ಲ. ನಿಮ್ಮ ಕಾರ್ಯಕ್ರಮದಿಂದ ಅವರಿಗೆ ಒಂದು ಕೆಲಸ ಕಡಿಮೆ ಆಗುತ್ತದಾ ಅಂತ ಮೊದಲು ನೋಡಿ.

ಹಂತ 8: ದುಡ್ಡು

ಇಲ್ಲಿ ಸ್ನೇಹ, ನಂಬಿಕೆ, ಮುಲಾಜು ಯಾವುದೂ ಬೇಡ. ನಗದನ್ನು ಇಬ್ಬರು ಕೂತು ಎಣಿಸಿ, ಅಲ್ಲೇ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗುಂಪಿನ ಹಣ ಯಾರದೇ ಸ್ವಂತ ಖಾತೆಗೆ ಹೋಗಬಾರದು. ಬಿಲ್ಲು ಇಲ್ಲದೆ ಹಣ ವಾಪಸ್ ಕೊಡಬಾರದು. ಕಾರ್ಯಕ್ರಮ ಮುಗಿದ ಒಂದು ವಾರದಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಅಂತ ಎಲ್ಲರಿಗೂ ಕಳಿಸಿ, ಯಾರೂ ಕೇಳದಿದ್ದರೂ.

ಒಂದು ಸಲ ಮೇಳದ ಹಣದ ಕವರನ್ನು ನಾನೊಬ್ಬಳೇ ಮನೆಗೆ ತಂದೆ. ಬೆಳಿಗ್ಗೆ ಎಣಿಸಿದಾಗ ಪುಸ್ತಕದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಆದರೆ ಏನೂ ಅನ್ನದಿರುವುದರಲ್ಲೂ ಒಂದು ಥರ ಇರುತ್ತದಲ್ಲ, ಅದು ಇತ್ತು. ನಾಲ್ಕು ದಿನ ಆದ ಮೇಲೆ ಚಿಲ್ಲರೆಗೆ ಅಂತ ಇಟ್ಟಿದ್ದ ಡಬ್ಬಿಯಲ್ಲಿ ಆ ಹಣ ಸಿಕ್ಕಿತು. ಆ ನಾಲ್ಕು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಎರಡು ಸಹಿಯ ನಿಯಮ ಕಳ್ಳರನ್ನು ಹಿಡಿಯಲು ಅಂತ ಜನ ತಿಳಿಯುತ್ತಾರೆ. ಪ್ರಾಮಾಣಿಕರ ನಿದ್ದೆಗೇ ಅದು ಹೆಚ್ಚು ಬೇಕು.

ಹಂತ 9: ನಿಮ್ಮ ಮಗುವನ್ನು ಮಧ್ಯೆ ತರಬೇಡಿ

ಗುಂಪಿನಲ್ಲಿದ್ದೀರಿ ಅಂತ ನಾಟಕದಲ್ಲಿ ಮಗುವಿಗೆ ಒಳ್ಳೆ ಪಾತ್ರ ಸಿಗಬೇಕು ಅನ್ನುವ ಆಸೆ ಬರುತ್ತದೆ. ಬಂದರೆ ಗಪ್‌ಚುಪ್ ಆಗಿ ನುಂಗಿ. ನಿಮ್ಮ ಮಗುವಿನ ಕ್ಲಾಸಿನ ವಿಷಯ ಮಾತಾಡಬೇಕಿದ್ದರೆ ಬೇರೆ ದಿನ, ಬರೀ ಪೋಷಕರಾಗಿ ಹೋಗಿ. ಶಾಲೆಯಲ್ಲಿ ಓಡಾಡುವಾಗ ಬೇರೆ ಮಕ್ಕಳ ಬಗ್ಗೆ ಕಿವಿಗೆ ಬಿದ್ದದ್ದು ಗೇಟಿನ ಹೊರಗೆ ಬರಬಾರದು.

ಇನ್ನು ಮನೆಯಲ್ಲಿ. ಮೀಟಿಂಗಿನ ಜಗಳವನ್ನು ಮಗುವಿನ ಮುಂದೆ ಹೇಳಿದರೆ ಮಾರನೇ ದಿನ ಅದು ಬೆಂಚಿನ ಮೇಲೆ ಇರುತ್ತದೆ. ನನ್ನ ಮಗಳು ಒಂದು ದಿನ, "ಅಮ್ಮ, ಅವಳ ಅಮ್ಮ ಕೈ ಕೊಡೋರಂತೆ ಹೌದಾ?" ಅಂದಳು. ಎದುರಿಗೆ ಆ ಗೆಳತಿಯೇ ಕೂತಿದ್ದಳು.

ಹಂತ 10: ಬಿಡುವುದಿದ್ದರೆ ಸರಿಯಾಗಿ ಬಿಡಿ

ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಹಿರಿಯರು ಯಾಕೆ ಅಂದರು ಅಂತ ಅರ್ಥವಾಗುವ ದಿನಗಳು ಬರುತ್ತವೆ. ಒಂದು ಕೆಟ್ಟ ದಿನಕ್ಕೆ ಬಿಡಬೇಡಿ. ಆದರೆ ಭಾನುವಾರ ರಾತ್ರಿ ಗುಂಪಿನ ನೆನಪಾಗಿ ಎದೆ ಭಾರವಾಗುತ್ತಿದ್ದರೆ, ಮನೆಯವರ ಜೊತೆ ಮಾತೆಲ್ಲ ಬರೀ ಅದೇ ಆಗಿದ್ದರೆ, ಎರಡು ತಿಂಗಳಿಂದ ಹೀಗೇ ಇದ್ದರೆ, ಬಿಡಿ. ಹಣದಲ್ಲಿ ಮೋಸ ನಡೆಯುತ್ತಿದೆ ಅಂತ ಗೊತ್ತಾಗಿ, ಬರೆದುಕೊಟ್ಟರೂ ಯಾರೂ ಕೇಳದಿದ್ದರೆ ಅವತ್ತೇ ಬಿಡಿ, ಬರೆದುಕೊಟ್ಟದ್ದರ ಒಂದು ಪ್ರತಿ ಇಟ್ಟುಕೊಂಡು.

ಬಿಡುವ ಮೆಸೇಜ್ ಮೂರು ಸಾಲು ಮೀರಬಾರದು. "ಈ ತಿಂಗಳ ಕೊನೆಗೆ ನನ್ನ ಜವಾಬ್ದಾರಿ ಬಿಡುತ್ತಿದ್ದೇನೆ. ಪುಸ್ತಕ ಮೇಳದ ಫೈಲು, ಬೀಗದ ಕೈ, ಉಳಿದ ಹಣದ ಲೆಕ್ಕ ಇಂಥವರಿಗೆ ಕೊಟ್ಟಿದ್ದೇನೆ. ನಿಮ್ಮ ಜೊತೆ ಕೆಲಸ ಮಾಡಿದ್ದು ಖುಷಿ." ಯಾಕೆ ಬಿಡುತ್ತಿದ್ದೀರಿ ಅಂತ ಕೇಳುವವರು ಫೋನ್ ಮಾಡುತ್ತಾರೆ, ಅವರಿಗೆ ಹೇಳಿದರಾಯಿತು.

ಫೈಲಿನಲ್ಲಿ ಏನಿರಬೇಕು? ಯಾರ ಹತ್ತಿರ ಏನು ಸಿಗುತ್ತದೆ, ಅವರ ಫೋನ್ ನಂಬರ್, ಕಳೆದ ಸಲದ ಖರ್ಚು, ಯಾವ ಕೆಲಸ ಎಷ್ಟು ದಿನ ಮುಂಚೆ ಶುರು ಮಾಡಬೇಕು. ಕೊನೆಗೆ ಒಂದು ಪುಟ, ತಲೆಬರಹ "ಏನು ಕೆಟ್ಟಿತು". ನಾನು ಕೊಟ್ಟ ಫೈಲಿನಲ್ಲಿ ಆ ಪುಟ ಎರಡೂ ಬದಿ ತುಂಬಿತ್ತು. ಮೊದಲ ಸಾಲು: "ಮೇಜುಗಳನ್ನು ವರಾಂಡದಲ್ಲಿ ಹಾಕಬೇಡಿ." ಎರಡನೆಯದ್ದು: "ಕುರ್ಚಿ ಎತ್ತಲು ಎಂಟು ಹೆಸರು ಬರೆದುಕೊಳ್ಳಿ. ಏಳು ಜನ ಬರುತ್ತಾರೆ."